ಮರೆಯಲು ಏನೂ ಇಲ್ಲದ ಗಾಡಿ

ಟ್ಯಾಂಕಿನೊಳಗೆ ಇಳಿಸಿದ ಬೆರಳಿಗೆ ತಗುಲಿದ್ದು ಬಟ್ಟೆ. ತುಕ್ಕಿನ ಹಕ್ಕಳೆಯೋ, ಕೊರೆಯುವಾಗ ಒಳಗೆ ಬಿದ್ದ ತಗಡಿನ ಚೂರೋ ಇದ್ದೀತೆಂದು ಹುಷಾರಾಗಿ ಎರಡೇ ಬೆರಳು ಬಿಟ್ಟಿದ್ದ. ಚೂಪಾದದ್ದಕ್ಕೆ ಸಿದ್ಧವಾಗಿದ್ದ ಬೆರಳು ಮೆತ್ತನೆಯದಕ್ಕೆ ತಾಗಿ, ಬೆಚ್ಚಿ, ತಾನಾಗಿ ಹಿಂದಕ್ಕೆ ಬಂತು. ಯಾವುದೋ ಸತ್ತ ಪ್ರಾಣಿ ಅನ್ನಿಸಿತು ಮೊದಲು. ಮತ್ತೆ ಕೈ ಹಾಕಿ ಎಳೆದ. ಬೆಳಿಗ್ಗೆ ಟ್ಯಾಂಕಿಗೆ ತುಂಬಿಸಿ ಚೆಲ್ಲಿದ್ದ ನೀರು ಇನ್ನೂ ಅದರಿಂದ ತೊಟ್ಟಿಕ್ಕುತ್ತಿತ್ತು. ಅಂಗೈಯಷ್ಟು ಅಗಲದ, ಕಂದು ಬಣ್ಣದ, ಹಳೆಯ ಪೆಟ್ರೋಲಿನ ಹುಳಿ ವಾಸನೆಯ ತುಂಡು. ಸಿಮೆಂಟಿನ ನೆಲದ ಮೇಲೆ ಹರಡಿ ಮಡಿಕೆ ಬಿಡಿಸಿದ. ಮಡಿಕೆಯ ಒಳಗೆ ಉಳಿದುಕೊಂಡಿದ್ದ ಜಾಗದಲ್ಲಿ ನೀಲಿ ಬಿಳಿ ಚೌಕುಳಿ ಕಂಡಿತು. ಚೌಕುಳಿಯ ಮೇಲೆ ಅಡ್ಡಕ್ಕೆ ಎರಡು ಬೆರಳುದ್ದ ಹೊಲಿಗೆ, ಕೆಂಪು ದಾರದ್ದು. ನೀಲಿ ದಾರ ಮುಗಿದಿದೆ ಕಣೋ, ಒಳಗಡೆ ತಾನೇ, ಯಾರು ನೋಡ್ತಾರೆ ಎಂದು ಅಮ್ಮ ಒಂದು ಕಾಲದಲ್ಲಿ ಅವನ ಅಂಗಿ ಹೊಲಿಯುತ್ತ ಹಲ್ಲಿನಲ್ಲಿ ದಾರ ಕಚ್ಚಿದ್ದಳು. ಅವನು ಮಂಡಿಯೂರಿ ಕೂತವನು ಹಾಗೇ ಕೂತ. ಪಕ್ಕದ ಮನೆಯಲ್ಲಿ ಯಾರೋ ಕುಕ್ಕರು ಇಳಿಸಿದರು. ಬೀದಿಯಲ್ಲಿ ಹಳೇ ಪೇಪರಿನವನು ಕೂಗಿಕೊಂಡು ಹೋದ. ಎಲ್ಲವೂ ಕೇಳಿಸುತ್ತಿತ್ತು, ಬಹಳ ಸ್ಪಷ್ಟವಾಗಿ, ಆದರೆ ಯಾವುದೂ ತನಗೆ ಸಂಬಂಧಪಟ್ಟದ್ದಲ್ಲ ಎಂಬಂತೆ.

ನಾಲ್ಕು ತಿಂಗಳ ಭಾನುವಾರಗಳು ಈ ಶೆಡ್ಡಿನಲ್ಲಿ ಕರಗಿದ್ದವು. ಇಪ್ಪತ್ತಮೂರು ವರ್ಷ ತಾಡಪಾಲಿನ ಕೆಳಗೆ ನಿಂತಿದ್ದ ಅಪ್ಪನ ಮೋಟಾರ್ ಸೈಕಲ್ಲಿನಿಂದ ಕಾರ್ಬುರೇಟರನ್ನು ಬಿಚ್ಚಿ ತೆಗೆದು, ಅದರ ಜಾಗದಲ್ಲಿ ಇಂಜೆಕ್ಟರು ಕೂರಿಸಿ, ಹೊಗೆ ಕೊಳವೆಗೆ ಸೆನ್ಸರು ಸಿಕ್ಕಿಸಿ, ಸೀಟಿನ ಕೆಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕಂಪ್ಯೂಟರನ್ನು ಇಟ್ಟು, ಪ್ರತಿ ತಂತಿಗೂ ಚೀಟಿ ಅಂಟಿಸಿದ್ದ. ಊರಿನ ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಹಾಕುವುದು ಅವನ ಕೆಲಸ. ಒಂದು ಗ್ರಾಮು ಹೆಚ್ಚುಕಡಿಮೆಯಾದರೂ ಅವನ ಕಣ್ಣು ತಪ್ಪುವುದಿಲ್ಲ ಎಂದು ಅಂಗಡಿಯವರು ಬೈದುಕೊಳ್ಳುತ್ತಲೇ ಗೌರವಿಸುತ್ತಿದ್ದರು. ಉಳಿದಿದ್ದದ್ದು ಟ್ಯಾಂಕೊಂದು. ಅದರ ತಳದಲ್ಲಿ ದುಂಡಗೆ ಕೊರೆದಾಗಿತ್ತು, ಇನ್ನು ಒಳಗೆ ಪೆಟ್ರೋಲ್ ಪಂಪು ಇಳಿಸಬೇಕು. ಅಲ್ಲಿಗೆ ಹಳೆಯ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ಕೆಳಗೆ ಎಡಗೈಯಲ್ಲಿ ತಿರುಗಿಸಿ ತೆಗೆಯುವ ಮುಚ್ಚುವ ಆ ಪುಟ್ಟ ಹಿತ್ತಾಳೆಯ ಕೀಲು, ಇನ್ನು ಬೇಕಾಗುವುದಿಲ್ಲ. ಬೀಗದಕೈ ತಿರುಗಿಸಿದರೆ ಪಂಪು ತಾನೇ ಎಚ್ಚರಾಗುತ್ತದೆ. ಇಷ್ಟೆಲ್ಲ ಮಾಡಿದ್ದು ಅದಕ್ಕೇ. ಇವತ್ತು ಸಂಜೆ ನಾಲ್ಕಕ್ಕೆ ಅಣ್ಣ ಬರುತ್ತಾನೆ. ಹೋದ ತಿಂಗಳು ಕೆಲಸದಿಂದ ನಿವೃತ್ತನಾದ ಅಣ್ಣನ ಕೈಗೆ ಬೀಗದಕೈ ಕೊಟ್ಟು, ತೊಗೋ ಅಣ್ಣ, ಇದಕ್ಕೆ ಕಾಕೇ ಇಲ್ಲ, ಇನ್ನು ಮರೆಯೋಕೆ ಏನೂ ಇಲ್ಲ ಅಂತ ಹೇಳಬೇಕೆಂದುಕೊಂಡಿದ್ದ. ಆ ಮಾತನ್ನು ಸ್ನಾನ ಮಾಡುವಾಗ, ತಕ್ಕಡಿಗಳ ಮೇಲೆ ತೂಕದ ಬೊಟ್ಟಿಡುವಾಗ, ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿ, ಅಣ್ಣನ ಕಣ್ಣು ತೇವವಾಗುವುದನ್ನೂ ಕಂಡು, ತನ್ನ ದೊಡ್ಡತನಕ್ಕೆ ತಾನೇ ಒಳಗೊಳಗೆ ಕರಗಿದ್ದ.

ಈಗ ನೆಲದ ಮೇಲಿನ ತುಂಡನ್ನು ಮತ್ತೆ ನೋಡಿದ. ತುಂಡು ಒಂದೇ, ಆದರೆ ಅವನು ಹರಿದಿದ್ದದ್ದು ಎರಡು. ಅಂಗಿಯ ಬೆನ್ನಿನಿಂದ ಎರಡು ಪಟ್ಟಿ. ಆಗ ಅವನಿಗೆ ಹತ್ತೊಂಬತ್ತು. ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ, ನಾನೇ ತೊಳೀತೀನಿ ಅಪ್ಪ, ಮೆಕ್ಯಾನಿಕ್ಕು ಯಾಕೆ ಎಂದು ಗತ್ತಿನಿಂದ ಕಾಕನ್ನು ಬಿಚ್ಚಿ, ಆ ತೂತಿಗೆ ಬಟ್ಟೆ ತುರುಕಿ, ಸೀಮೆಎಣ್ಣೆಯನ್ನೂ ಹಿಡಿ ನಟ್ಟುಗಳನ್ನೂ ಒಳಗೆ ಸುರಿದು, ಟ್ಯಾಂಕನ್ನು ಮಗುವಿನ ಹಾಗೆ ಎದೆಗಪ್ಪಿಕೊಂಡು ಮಧ್ಯಾಹ್ನವೆಲ್ಲ ಕುಲುಕಿದ್ದ. ಒಂದು ಪಟ್ಟಿ ಸಡಿಲವಾಯಿತೆಂದು ಅದರ ಮೇಲೆ ಇನ್ನೊಂದನ್ನು ಬೆರಳಿನಿಂದ ಒತ್ತಿದ್ದ. ಒತ್ತಿದಾಗ ಮೊದಲನೆಯದು ಎಲ್ಲಿಗೆ ಹೋಯಿತು? ಸಂಜೆ ಇಕ್ಕಳದಲ್ಲಿ ಎಳೆದಾಗ ಬಂದದ್ದು ಒಂದು. ಒಂದು ಬಂತು, ಮುಗಿಯಿತು ಅಂದುಕೊಂಡಿದ್ದ. ಅಂದುಕೊಂಡಿದ್ದನೇ? ಯೋಚಿಸಿದ್ದಾದರೂ ಉಂಟೇ? ಬೆಳಗಿನ ಜಾವ ಮೆಟ್ಟಿಲ ಮೇಲೆ ಕೂತು ದನಿ ತೆಗೆದು ಪದ್ಯ ಓದುವುದು ಅಪ್ಪನ ರೂಢಿ. ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಅದನ್ನು ಕೇಳುತ್ತ ಬೆಳೆದವನು ಅವನು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಅಕ್ಷರವನ್ನು ತುಸು ಎಳೆಯುತ್ತಾರೆ, ಎಲ್ಲ ಅವನ ಮೈಗೆ ಗೊತ್ತಿತ್ತು. ಟ್ಯಾಂಕು ತೊಳೆದು ಹತ್ತು ದಿನವಾಗಿರಬೇಕು, ಒಂದು ದಿನ ಓದು ಮುಗಿಸಿ ಪುಸ್ತಕ ಮುಚ್ಚುತ್ತ ಅಪ್ಪ, 'ಯಾಕೋ ಗಾಡಿ ಮಧ್ಯ ಮಧ್ಯ ತಡವರಿಸುತ್ತೆ ಕಣೋ, ಒಂದು ಮಾತ್ರೆ ಬಿಟ್ಟುಹೋದ ಹಾಗೆ' ಅಂದರು. ಅವನು ಹೊದಿಕೆಯೊಳಗಿನಿಂದಲೇ, 'ಅದು ಇಂಜಿನ್ನಪ್ಪಾ, ಪದ್ಯ ಅಲ್ಲ' ಅಂದ. ಅಪ್ಪ ನಕ್ಕರು. ನಕ್ಕುಬಿಟ್ಟರು!

'ಏನ್ರೀ ಅದು, ಒಳಗೆ ಇಲಿ ಸತ್ತಿತ್ತಾ?'

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಕೆಟ್ಟು.

'ಬಟ್ಟೆ.'

'ಸರಿ, ಒಳ್ಳೇದೇ ಆಯ್ತು. ನಿಮ್ಮ ಎಣ್ಣೆ ಹೊಸಿಲು ದಾಟಿ ನಡುಮನೇಗೆ ಬಂದಿದೆ. ಒರೆಸೋಕೆ ಚಿಂದಿ ಹುಡುಕ್ತಿದ್ದೆ.' ಎಂದವಳೇ ಬಾಗಿ ಎರಡು ಬೆರಳಲ್ಲಿ ಆ ತುಂಡನ್ನೆತ್ತಿ, ಹೊಸಿಲ ಬಳಿಯ ಎಣ್ಣೆಯ ಮೇಲೆ ಹಾಕಿ ಕಾಲಿನಿಂದ ಒತ್ತಿದಳು.

'ಮುಟ್ಬೇಡ!'

ಆ ಕೂಗು ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ. ಹೆಂಡತಿಯ ಕಾಲು ಅಲ್ಲೇ ನಿಂತಿತು. ಶೆಡ್ಡಿಗೆ ತೆರೆದುಕೊಳ್ಳುವ ಕಿಟಕಿಯ ಆಚೆಯಿಂದ, ಅಮ್ಮನ ಕೋಣೆಯಿಂದ, ಮಂಚ ಕಿರುಗುಟ್ಟಿದ ಸದ್ದು. 'ಏನಾಯ್ತೋ? ಕೈ ಕುಯ್ದುಕೊಂಡ್ಯಾ?'

'ಏನಿಲ್ಲಮ್ಮ.'

'ಒಂದು ಚಿಂದಿಗೆ ಇಷ್ಟು ಕೂಗಾಡ್ಬೇಕಾ?' ಹೆಂಡತಿಯ ದನಿ ಇಳಿದಿತ್ತು. ಅದು ಸಿಟ್ಟಿಗಿಂತ ಕೆಟ್ಟದ್ದು. 'ಗಾಡಿ ಜೊತೇಲೇ ಸಂಸಾರ ಮಾಡಿ ನೀವು. ನಾಲ್ಕು ತಿಂಗಳಿಂದ ಅದೇ ತಾನೇ ಮಾಡ್ತಿರೋದು.'

ಅವಳು ಹೋದ ಮೇಲೆ ಅವನು ಆ ತುಂಡನ್ನು ಎತ್ತಿ ಹಿಂಡಿ, ಮಡಿಸಿ, ಪ್ಯಾಂಟಿನ ಜೇಬಿಗಿಟ್ಟುಕೊಂಡ. ಅಡಗಿಸಿಟ್ಟನೋ ಜೋಪಾನ ಮಾಡಿದನೋ ಹೇಳುವುದು ಕಷ್ಟ. ಹೆಂಡತಿಗೆ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವಳು ಅಯ್ಯೋ ಅನ್ನುತ್ತಿದ್ದಳು, ಆಮೇಲೆ, ಹೋಗ್ಲಿ ಬಿಡಿ, ಚಿಕ್ಕ ವಯಸ್ಸು, ಬೇಕಂತ ಮಾಡಿದ್ದಲ್ಲವಲ್ಲ ಅನ್ನುತ್ತಿದ್ದಳು. ಆ ಸಮಾಧಾನ ಬಾಯಿಗೆ ಬರುವ ಮೊದಲೇ ಅವನಿಗೆ ಅದರ ಮೇಲೆ ಅಸಹ್ಯ ಹುಟ್ಟಿತು. ಬೇಕಂತ ಮಾಡಿದ್ದಲ್ಲ ಎಂಬ ಮಾತನ್ನು ಅಣ್ಣನಿಗೆ ಈ ಮನೆಯಲ್ಲಿ ಎಷ್ಟು ಸಲ ಹೇಳಿದ್ದಾರೆ! ಸ್ವತಃ ತಾನೇ ಎಷ್ಟು ಸಲ ಹೇಳಿಲ್ಲ, ಭುಜದ ಮೇಲೆ ಕೈಯಿಟ್ಟು!

ಇಪ್ಪತ್ತಮೂರು ವರ್ಷದ ಹಿಂದಿನ ಆ ಬೆಳಿಗ್ಗೆ ಅಪ್ಪನ ಓದು ಅರ್ಧ ಸಾಲಿಗೆ ನಿಂತಿತು. ಉಸಿರು ತೆಗೆದುಕೊಳ್ಳುವ ಜಾಗ ಅದಲ್ಲವೆಂದು ಹಾಸಿಗೆಯಲ್ಲಿದ್ದ ಅವನಿಗೆ ಗೊತ್ತಾಗಿ ಎದ್ದು ಹೋಗುವಷ್ಟರಲ್ಲಿ ಅಪ್ಪ ಎದೆ ಹಿಡಿದುಕೊಂಡು ಕಂಬಕ್ಕೊರಗಿದ್ದರು. ಬಾಡಿಗೆ ಕಾರು ಕರೆಸುವುದಕ್ಕೆ ಅರ್ಧ ಗಂಟೆಯಾಗುತ್ತದೆ, ನಾನು ಗಾಡಿಯಲ್ಲಿ ಹತ್ತೇ ನಿಮಿಷದಲ್ಲಿ ಮುಟ್ಟಿಸುತ್ತೇನೆ ಎಂದ ಅಣ್ಣ. ಅಪ್ಪನನ್ನು ಹಿಂದೆ ಕೂರಿಸಿ, ಜಾರದಿರಲೆಂದು ಅಮ್ಮನ ಶಾಲಿನಿಂದ ಅಣ್ಣನ ಬೆನ್ನಿಗೆ ಬಿಗಿದು ಕಟ್ಟಿದರು. ಗಂಟು ಹಾಕಿದವನು ಅವನೇ. ಗಂಟು ಬಹಳ ಬಿಗಿಯಾಗಿತ್ತು ಎಂದು ಅಣ್ಣ ಒಮ್ಮೆ, ಒಂದೇ ಒಂದು ಸಲ, ಹೇಳಿದ್ದ. ಒಂದು ಮೈಲಿ ಆಚೆ, ಬಾಗಿಲು ಹಾಕಿದ ಅಂಗಡಿಗಳ ಸಾಲಿನೆದುರು ಇಂಜಿನ್ನು ನಿಂತುಹೋಯಿತು. ಬೆನ್ನಿಗೆ ಕಟ್ಟಿಕೊಂಡ ಅಪ್ಪನ ಭಾರದೊಂದಿಗೆ ಅಣ್ಣ ಕೂತಲ್ಲೇ ಕಿಕ್ ಹೊಡೆದ. ಇಳಿಯುವುದಕ್ಕಾಗಲಿಲ್ಲ, ಗಂಟಿಗೆ ಕೈ ಎಟುಕಲಿಲ್ಲ. ಹಾಲಿನ ವ್ಯಾನಿನವನೊಬ್ಬ ನಿಲ್ಲಿಸಿ ಶಾಲು ಕತ್ತರಿಸಿದಾಗ ಅಪ್ಪನ ತಲೆ ಅಣ್ಣನ ಹೆಗಲ ಮೇಲೆಯೇ ಇತ್ತು. ಉಸಿರು ಇರಲಿಲ್ಲ.

ಮಾರನೆಯ ದಿನ ಗಾಡಿ ತರಲು ಹೋದವನು ಅವನು. ಮುಚ್ಚಿದ ಅಂಗಡಿಯ ಜಗಲಿಗೆ ಒರಗಿ ನಿಂತಿದ್ದ ಗಾಡಿಯನ್ನು ರಸ್ತೆಗೆ ತಳ್ಳಿ, ಎಡಗೈಯಲ್ಲಿ ಕಾಕ್ ತಿರುಗಿಸಿ, ಕಿಕ್ ಹೊಡೆದ. ಒಂದೇ ಕಿಕ್. ಸಾವಿನ ಮನೆಗೆ ಆ ಸದ್ದಿನೊಂದಿಗೇ ಬಂದ. ಜಗಲಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. 'ಒಂದೇ ಕಿಕ್‌ಗೆ ಸ್ಟಾರ್ಟ್ ಆಯ್ತು' ಎಂದ, ಯಾರೂ ಕೇಳದಿದ್ದರೂ. ಅಷ್ಟು ಹೇಳಿ ಸುಮ್ಮನಿರಬಹುದಿತ್ತು. ಆದರೆ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು, ಗಾಡಿಯ ವಿಚಾರ ಬಲ್ಲವನು ಆ ಮನೆಯಲ್ಲಿ ಅವನೊಬ್ಬನೇ, ಅಷ್ಟು ಜನ ದೊಡ್ಡವರು ಅವನ ಮಾತಿಗೆ ಕಾದು ಕೂತದ್ದು ಅದೇ ಮೊದಲು. ಕಾಕ್ ಮುಚ್ಚಿದ್ದರೂ ಕಾರ್ಬುರೇಟರಿನ ಬಟ್ಟಲಲ್ಲಿರುವ ಪೆಟ್ರೋಲಿಗೆ ಗಾಡಿ ಸುಮಾರು ಒಂದು ಮೈಲಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ ಎಂದು ವಿವರಿಸಿದ. ಸರಿಯಾಗಿ ಒಂದು ಮೈಲಿ. ಎಲ್ಲರೂ ಅಣ್ಣನ ಕಡೆ ನೋಡಿದರು. 'ತೆಗೆದಿದ್ದೆ. ನಿಂತ ಮೇಲೆ ರಿಸರ್ವ್‌ಗೂ ತಿರುಗಿಸಿದೆ' ಎಂದ ಅಣ್ಣ. ಗಾಬರಿಯಲ್ಲಿ ಎತ್ತಲೋ ತಿರುಗಿಸಿರುತ್ತಾನೆ ಪಾಪ, ಎಂದರು ಯಾರೋ. ನೀನು ಹೋದಾಗ ಕಾಕ್ ಹೇಗಿತ್ತೋ ಎಂದು ಸೋದರಮಾವ ಕೇಳಿದರು. 'ಮುಚ್ಚಿದ್ದಿರಬೇಕು' ಎಂದ ಅವನು. ಹತ್ತನೆಯ ದಿನದ ಹೊತ್ತಿಗೆ ಮುಚ್ಚಿದ್ದಿರಬೇಕು ಎಂಬುದು ಮುಚ್ಚಿತ್ತು ಎಂದಾಗಿತ್ತು. ಯಾವಾಗ ಆಯಿತು, ಯಾರ ಬಾಯಲ್ಲಿ ಆಯಿತು? ಇವತ್ತು ಶೆಡ್ಡಿನ ನೆಲದ ಮೇಲೆ ಕೂತು ಎಷ್ಟು ನೆನೆದರೂ ಆ ಕಾಕ್ ಕಣ್ಣಿಗೆ ಬರುತ್ತಿಲ್ಲ. ಬೆರಳು ಏನನ್ನೋ ತಿರುಗಿಸಿದ್ದು ನೆನಪಿದೆ, ಯಾವ ಕಡೆಯಿಂದ ಯಾವ ಕಡೆಗೆ ಎಂಬುದಿಲ್ಲ. ಆದರೆ ಇನ್ನೊಂದು ನೆನಪಿದೆ. ಮನೆಗೆ ಬರುವಾಗ ಮಸೀದಿಯೋ ಶಾಲೆಯೋ, ಯಾವುದೋ ಉದ್ದನೆಯ ಗೋಡೆಯ ತಿರುವಿನಲ್ಲಿ, ಇಂಜಿನ್ನು ಒಂದು ಕ್ಷಣ ತಡವರಿಸಿತ್ತು. ಒಂದು ಮಾತ್ರೆ ಬಿಟ್ಟುಹೋದ ಹಾಗೆ. ಅವನ ಕಿವಿಗೆ ಅದು ಬಿದ್ದಿತ್ತು. ಅಪ್ಪನ ಓದಿನಲ್ಲಿ ಬೆಳೆದ ಕಿವಿ ಅದು, ಅದರಿಂದ ತಪ್ಪಿಸಿಕೊಂಡು ಹೋಗುವ ತಡವರಿಕೆ ಯಾವುದೂ ಇರಲಿಲ್ಲ. ಗೋಡೆ ಮುಗಿಯುವಷ್ಟರಲ್ಲಿ ಸರಿಹೋಯಿತು. ಮನೆಗೆ ಬಂದು ಒಂದೇ ಕಿಕ್ ಎಂದ.

ಅವತ್ತಿನಿಂದ ಅಮ್ಮ ಅಣ್ಣನೊಂದಿಗೆ ನೇರ ಮಾತಾಡಿಲ್ಲ. ಜಗಳವಿಲ್ಲ, ಶಾಪವಿಲ್ಲ. 'ಅವನಿಗೆ ಹೇಳು' ಅಷ್ಟೇ. ಅಣ್ಣ ಎದುರಿಗೇ ಕೂತಿದ್ದರೂ ಅವಳು ಸೊಸೆಯ ಕಡೆ ತಿರುಗಿ, 'ಅವನಿಗೆ ಹೇಳು, ನೀರು ಇಟ್ಟಿದೆ ಅಂತ.' ಅಣ್ಣನೂ ಅದೇ ರೀತಿ, 'ಅಮ್ಮನಿಗೆ ಹೇಳು, ಮಾತ್ರೆ ತಂದಿದೀನಿ ಅಂತ.' ಮೂರು ವರ್ಷಕ್ಕೆ ಅಣ್ಣ ಬೇರೆ ಮನೆ ಮಾಡಿದ. ಇಪ್ಪತ್ತಮೂರು ವರ್ಷದಲ್ಲಿ ಈ ಏರ್ಪಾಡು ಎಷ್ಟು ನುಣ್ಣಗಾಗಿತ್ತೆಂದರೆ ಮನೆಗೆ ಬಂದ ಹೊಸಬರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಅತ್ತಿಗೆಯಂತೂ ನಗುತ್ತಿದ್ದಳು: 'ನಾನಿಲ್ಲಿ ಟೆಲಿಫೋನ್ ಎಕ್ಸ್‌ಚೇಂಜು.' ಅಣ್ಣ ಎಷ್ಟೋ ವರ್ಷ ತೆಗೆದಿದ್ದೆ ಎಂದ, ಆಮೇಲೆ ತೆಗೆದಿದ್ದೆ ಅನ್ನಿಸುತ್ತೆ ಎಂದ, ಕೊನೆಗೆ ಒಂದು ಮಧ್ಯಾಹ್ನ, ಬಸ್ಸಿಗೆ ಕಾಯುತ್ತ ನಿಂತಾಗ, ಎತ್ತಲೋ ನೋಡಿಕೊಂಡು, 'ನಾನೇ ಮರೆತಿದ್ದೆ ಕಣೋ, ನೀನು ಹೇಳಿದ್ದೇ ಸರಿ' ಎಂದ. ಆಗ ಅವನಿಗೆ ಎಂಥ ಹಗುರವಾಗಿತ್ತು! ಗೆದ್ದ ಹಗುರವಲ್ಲ, ಕ್ಷಮಿಸಲು ಕೊನೆಗೂ ಒಂದು ಅವಕಾಶ ಸಿಕ್ಕಿದ ಹಗುರ.

ಟ್ಯಾಂಕನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡು ವೆಲ್ಡರನ ಅಂಗಡಿಗೆ ಹೊರಟ. ಯಾಕೆ ಹೊರಟ ಎಂದರೆ ಹೊರಡಬೇಕೆಂದು ಬೆಳಿಗ್ಗೆಯೇ ಅಂದುಕೊಂಡಿದ್ದ, ಅಷ್ಟೇ. ಮನಸ್ಸು ನಿಂತಲ್ಲೇ ನಿಂತಿತ್ತು, ಕಾಲಿಗೆ ದಾರಿ ಗೊತ್ತಿತ್ತು. ವೆಲ್ಡರನನ್ನು ಎಲ್ಲರೂ ಕರೆಯುವುದು ಕಿಡಿ ಅಂತ. ಎರಡು ಗೋಡೆಗಳ ನಡುವೆ ತಗಡು ಹೊದಿಸಿದ ಸಂದಿ ಅವನ ಅಂಗಡಿ.

'ಬನ್ನಿ ಸಾರ್, ಬನ್ನಿ. ಹೊಟ್ಟೆ ಕುಯ್ದೇ ತಂದುಬಿಟ್ರಾ? ಹೊಲಿಗೆ ಮಾತ್ರ ನಂದಾ?' ಕಿಡಿ ಟ್ಯಾಂಕನ್ನು ಬೋರಲು ಹಾಕಿ ಬೆರಳಿನಿಂದ ತಟ್ಟಿದ. 'ಒಳಗೆ ಕತ್ತರಿ ಗಿತ್ತರಿ ಏನೂ ಬಿಟ್ಟಿಲ್ಲ ತಾನೇ? ದೊಡ್ಡ ದೊಡ್ಡ ಡಾಕ್ಟ್ರುಗಳೇ ಬಿಟ್ಟು ಹೊಲಿದುಬಿಡ್ತಾರಂತೆ. ಆಮೇಲೆ ರೋಗಿ ನಡೆದಾಗೆಲ್ಲ ಜಣಜಣ ಅಂತ!'

ಅವನು ಗೋಣಿಯನ್ನು ಮಡಿಸಿ ಕಂಕುಳಿಗಿಟ್ಟುಕೊಂಡ. ಕಿಡಿಯ ಹಲ್ಲು, ಮೂಗಿನ ಮೇಲಿನ ಕಪ್ಪು ಮಸಿ, ಗೋಡೆಗೆ ತೂಗುಹಾಕಿದ ಮುಖವಾಡ, ಎಲ್ಲ ಒಂದರೊಳಗೊಂದು ಬೆರೆತು ದೂರವಾದವು.

'ಸಾರ್? ತಮಾಷೆ ಮಾಡಿದೆ ಸಾರ್.'

'ಏನೂ ಇಲ್ಲ' ಎಂದ. 'ಒಳಗೆ ಏನೂ ಇಲ್ಲ.'

'ಸರಿ ಹಾಗಾದ್ರೆ. ಪಂಪಿನ ಉಂಗುರ ಕೂರಿಸ್ತೀನಿ. ಈ ಇನ್ನೊಂದು ತೂತು? ಹಳೇ ಕಾಕಿಂದು?'

'ಮುಚ್ಚಿಬಿಡಿ.'

ಕಿಡಿ ಮುಖವಾಡ ಇಳಿಸಿ, ಮತ್ತೆ ಎತ್ತಿ, ಮೂಗು ಅರಳಿಸಿದ. 'ಇದೇನ್ ಸಾರ್, ಟ್ಯಾಂಕು ತೊಳೆದು ತಂದಿದೀರಿ, ವಾಸನೆ ನಿಮ್ಮಿಂದ ಬರ್ತಿದೆ. ಜೇಬಲ್ಲಿ ಏನಿಟ್ಕೊಂಡಿದೀರಿ? ದೂರ ನಿಲ್ಲಿ, ದೂರ. ನಿಮ್ಮನ್ನ ಸುಟ್ಟ ಪಾಪ ನನಗೆ ಬೇಡ.'

ಅವನು ರಸ್ತೆಗೆ ಇಳಿದು ನಿಂತ. ಜೇಬಿನ ತೇವ ತೊಡೆಗೆ ತಣ್ಣಗೆ ಅಂಟಿಕೊಂಡಿತ್ತು. ಅಲ್ಲಿಂದ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು, ಚರಚರ ಸದ್ದು ಕೇಳುತ್ತಿತ್ತು. ಒಂದು ನಾಣ್ಯದಷ್ಟು ಅಗಲದ ತಗಡು ಆ ತೂತನ್ನು ಮುಚ್ಚುತ್ತಿದೆ. ಇನ್ನು ಇಲ್ಲಿ ಒಂದು ಕಾಕ್ ಇತ್ತು, ಅದಕ್ಕೆ ಒಬ್ಬ ಬಟ್ಟೆ ತುರುಕಿದ್ದ ಎನ್ನುವುದಕ್ಕೆ ಜೇಬಿನ ತುಂಡೊಂದು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಎದುರಿಗೆ ಚರಂಡಿ. ಜೇಬಿಗೆ ಕೈ ಹಾಕಿದ. ಯಾರೂ ಕೇಳುವುದಿಲ್ಲ, ಅಣ್ಣ ಒಪ್ಪಿಕೊಂಡು ಎಷ್ಟೋ ವರ್ಷವಾಯಿತು, ಅಮ್ಮನಿಗೆ ಎಂಬತ್ತು ದಾಟಿದೆ, ಈಗ ಹೇಳಿ ಯಾರಿಗೆ ಏನು ಸಿಗುತ್ತದೆ? ಈ ವಾದ ಎಷ್ಟು ಚೆನ್ನಾಗಿತ್ತೆಂದರೆ ಅವನು ಬೆದರಿದ. ತಕ್ಕಡಿಯಲ್ಲಿ ಹೆಬ್ಬೆರಳು ಒತ್ತುವ ಅಂಗಡಿಯವರು ಸಿಕ್ಕಿಬಿದ್ದಾಗ ಇಷ್ಟೇ ಚೆನ್ನಾಗಿ ಮಾತಾಡುತ್ತಾರೆ. ಬೆರಳು ಜೇಬಿನಲ್ಲೇ ಕೆಂಪು ದಾರದ ಹೊಲಿಗೆಯನ್ನು ತಡವಿತು. ಕೈ ಖಾಲಿಯಾಗಿಯೇ ಹೊರಗೆ ಬಂತು.

ಅಣ್ಣ ಅತ್ತಿಗೆ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಅಷ್ಟರಲ್ಲಿ ಟ್ಯಾಂಕು ಕೂರಿಸಿ, ಪಂಪಿನ ಪಿನ್ನು ಸಿಕ್ಕಿಸಿ, ಪೈಪಿಗೆ ಕ್ಲಾಂಪು ಬಿಗಿದು, ಎರಡು ಲೀಟರು ಪೆಟ್ರೋಲು ಹಾಕಿದ್ದ. ಒಂದು ಕ್ಲಾಂಪನ್ನೂ ಎರಡನೇ ಸಲ ಬಿಗಿಯಬೇಕಾಗಿ ಬಂದಿರಲಿಲ್ಲ. ಅದೇ ಅವನನ್ನು ಹೆದರಿಸಿತ್ತು.

'ಇವರ ಜೊತೆ ಎಲ್ಲಿಗೆ ಹೊರಟ್ರೂ ಎರಡು ಸಲ ಹೊರಡ್ಬೇಕಪ್ಪ' ಅತ್ತಿಗೆ ಚಪ್ಪಲಿ ಬಿಡುತ್ತ ಹೆಂಡತಿಗೆ ಹೇಳುತ್ತಿದ್ದಳು. 'ಬಸ್‌ಸ್ಟಾಪಿಗೆ ಬಂದು, ಗ್ಯಾಸ್ ಆಫ್ ಮಾಡಿದೀನೋ ಇಲ್ವೋ ಅಂತ ವಾಪಸ್ ಓಡಿದ್ರು. ಮಾಡಿತ್ತು. ಯಾವಾಗ್ಲೂ ಮಾಡೇ ಇರುತ್ತೆ!'

'ನೋಡಿಬಿಟ್ರೆ ಸಮಾಧಾನ' ಎಂದ ಅಣ್ಣ, ನಗುತ್ತ. ಎಲ್ಲರೂ ನಕ್ಕರು. ಅವನೂ ಇಷ್ಟು ವರ್ಷ ಈ ಜೋಕಿಗೆ ನಕ್ಕಿದ್ದಾನೆ. ಅಣ್ಣನ ಎಡಗೈ ಹೆಬ್ಬೆರಳು, ಏನೂ ಹಿಡಿದಿಲ್ಲದಾಗಲೂ, ತೋರುಬೆರಳಿನ ಮೇಲೆ ಸಣ್ಣಗೆ ತಿರುಗುತ್ತಿತ್ತು. ಅದು ಎಷ್ಟು ವರ್ಷದಿಂದ ಹಾಗೆ ತಿರುಗುತ್ತಿದೆ? ಒಂದು ಗ್ರಾಮಿನ ತಪ್ಪು ತೂಕ ಕಂಡುಹಿಡಿಯುವ ಕಣ್ಣಿಗೆ ಅದೊಂದು ಕಂಡೇ ಇರಲಿಲ್ಲ.

ಕಿಟಕಿಯಿಂದ ಅಮ್ಮ: 'ಬಂದವರಿಗೆ ನೀರು ಕೊಡ್ರೇ.'

'ಅಮ್ಮನಿಗೆ ಹೇಳು, ಆಮೇಲೆ ಕುಡೀತೀನಿ ಅಂತ' ಎಂದು ಅಣ್ಣ ಅತ್ತಿಗೆಗೆ ಹೇಳಿ, ಶೆಡ್ಡಿನೊಳಗೆ ಬಂದು, ಗಾಡಿಯಿಂದ ಎರಡು ಹೆಜ್ಜೆ ದೂರ ನಿಂತ. ಇಪ್ಪತ್ತಮೂರು ವರ್ಷದಲ್ಲಿ ಅವನು ಇದರ ಹತ್ತಿರ ಬಂದದ್ದು ಇವತ್ತೇ. 'ಹೊಳೀತಿದೆಯಲ್ಲೋ. ಅಪ್ಪನ ಗಾಡಿ ಅನ್ನಿಸಲ್ಲ. ನೋಡ್ಲಾ?' ಎಂದು ಅಪ್ಪಣೆ ಕೇಳಿದ. ಅಪ್ಪಣೆ! ಆಮೇಲೆ ಮೆಲ್ಲಗೆ ಮುಂದೆ ಬಂದು, ಹ್ಯಾಂಡಲ್ ಮುಟ್ಟಿ, ಸೀಟು ಮುಟ್ಟಿ, ಕಾಲೆತ್ತಿ ಕೂತ. ಕೂತ ಕೂಡಲೆ ಅವನ ಎಡಗೈ ತಾನಾಗಿ ಇಳಿದು, ಟ್ಯಾಂಕಿನ ಕೆಳಗೆ, ಮೊಣಕಾಲಿನ ಪಕ್ಕ, ಹುಡುಕಿತು. ಕಾಕ್ ಇದ್ದ ಜಾಗ. ಬೆರಳು ಹೊಸ ವೆಲ್ಡಿಂಗಿನ ಉಬ್ಬಿಗೆ ತಾಗಿತು, ಅಲ್ಲೇ ನಿಂತಿತು, ಹೆಬ್ಬೆರಳು ಖಾಲಿ ಗಾಳಿಯಲ್ಲಿ ಒಂದು ಸುತ್ತು ತಿರುಗಿತು.

'ಇಲ್ಲ ಅಲ್ವಾ?' ಎಂದ ಅಣ್ಣ.

'ಇಲ್ಲ.'

'ಒಳ್ಳೇದು ಮಾಡ್ದೆ.' ಆಮೇಲೆ ದನಿ ತಗ್ಗಿಸಿ, 'ನಗಬೇಡ. ಆವತ್ತು ತೆಗೆದಿದ್ದೆ ಅಂತ ಈ ಬೆರಳಿಗೆ ಈಗಲೂ ಅನ್ನಿಸುತ್ತೆ. ತಲೆಗೆ ಗೊತ್ತು ತೆಗೆದಿಲ್ಲ ಅಂತ. ಬೆರಳಿಗೆ ಹೇಳಿದ್ರೂ ಕೇಳಲ್ಲ.'

ಅವನು ಅಣ್ಣನ ಪಕ್ಕದಲ್ಲಿ ನಿಂತೇ ಬೀಗದಕೈ ತಿರುಗಿಸಿದ. ಪಂಪು ಮೂರು ಕ್ಷಣ ಗುಂಯ್‌ಗುಟ್ಟಿ ಸುಮ್ಮನಾಯಿತು. ಕಿಕ್ ಹೊಡೆದ. ಒಂದೇ ಕಿಕ್. ಶೆಡ್ಡಿನ ತಗಡು ನಡುಗಿತು, ಬಾಗಿಲಲ್ಲಿ ನಿಂತ ಅತ್ತಿಗೆ ಚಪ್ಪಾಳೆ ತಟ್ಟಿದಳು, ಹೆಂಡತಿ ಬೆಳಗಿನ ಮುನಿಸು ಮರೆತು ನಕ್ಕಳು. ಇಂಜಿನ್ನು ಒಂದು ಮಾತ್ರೆಯೂ ತಪ್ಪದೆ, ಅಪ್ಪನ ಓದಿನಷ್ಟು ಸಮವಾಗಿ ಬಡಿಯುತ್ತಿತ್ತು. ಅಣ್ಣ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಮಗುವಿನ ಮುಖ ಮಾಡಿಕೊಂಡಿದ್ದ. ಆ ಸದ್ದಿನ ನಡುವೆ, ಅದರ ಮರೆಯಲ್ಲಿ, ಅವನು ಹೇಳಿದ: 'ನೀನು ತೆಗೆದಿದ್ದೆ ಅಣ್ಣ.'

'ಏನು?'

'ನೀನು ಕಾಕ್ ತೆಗೆದಿದ್ದೆ.'

'ಏನಂದೆ? ಕೇಳಿಸ್ತಿಲ್ಲ ಕಣೋ!' ಅಣ್ಣ ನಗುತ್ತಲೇ ಕಿವಿ ಮುಂದೆ ತಂದ.

ಹೇಳಿಯಾಯಿತು ಎಂದು ಬಿಟ್ಟುಬಿಡಬಹುದಿತ್ತು. ಎರಡು ಸಲ ಹೇಳಿದ್ದ, ದೇವರು ಸಾಕ್ಷಿ. ಇಂಜಿನ್ನಿನ ಶಾಖ ಮೊಣಕಾಲಿಗೆ ತಾಗುತ್ತಿತ್ತು. ದೇವರಿಗೆ ಕೇಳಿಸುವಂತೆ ಹೇಳಿ ಮನುಷ್ಯನಿಗೆ ಕೇಳಿಸದಂತೆ ಹೇಳುವುದು ಯಾವ ಲೆಕ್ಕದ ತೂಕ? ಬೀಗದಕೈ ತಿರುಗಿಸಿ ಇಂಜಿನ್ನು ನಿಲ್ಲಿಸಿದ. ನಿಶ್ಶಬ್ದ ಒಮ್ಮೆಗೇ ಬಂತು. ಕಿಟಕಿಯಾಚೆ ಅಮ್ಮನ ಬಳೆಯ ಸದ್ದು ಕೂಡ ಕೇಳುವಷ್ಟು. ಜೇಬಿನಿಂದ ತುಂಡನ್ನು ತೆಗೆದು ಅಣ್ಣನ ಅಂಗೈ ಮೇಲಿಟ್ಟ.

'ಇದು ಟ್ಯಾಂಕಿನೊಳಗಿತ್ತು. ಬೆಳಿಗ್ಗೆ ಸಿಕ್ತು. ಟ್ಯಾಂಕು ತೊಳೆದಾಗ ನಾನೇ ತುರುಕಿದ್ದು, ತೆಗೆಯೋದು ಬಿಟ್ಟಿದ್ದೆ. ಇದು ಹೋಗಿ ತೂತಿಗೆ ಕೂತು ಪೆಟ್ರೋಲು ನಿಂತಿತ್ತು. ಆಮೇಲೆ ಗಾಡಿ ತಳ್ಳಿದಾಗ ಸರ್ಕೊಂಡಿರ್ಬೇಕು. ನೀನು ಮರೆತಿರಲಿಲ್ಲ. ಕಾಕ್ ಮುಚ್ಚಿತ್ತು ಅಂತ ನಾನು ಹೇಳಿದ್ನಲ್ಲ, ನಾನು ನೋಡಿರ್ಲಿಲ್ಲ. ಮಾರನೇ ದಿನ ನನಗೂ ದಾರೀಲಿ ತಡವರಿಸ್ತು. ಅದನ್ನೂ ಹೇಳ್ಲಿಲ್ಲ.'

ಅವನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. ಅತ್ತಿಗೆಯ ಕೈ ಚಪ್ಪಾಳೆಯಿಂದ ಇಳಿದು ಸೆರಗಿನ ಮೇಲೆ ನಿಂತಿತು. ಅಣ್ಣ ತುಂಡನ್ನು ನೋಡಿದ, ತಿರುಗಿಸಿ ನೋಡಿದ, ಕೆಂಪು ದಾರದ ಮೇಲೆ ಬೆರಳಾಡಿಸಿದ. 'ನಿನ್ನ ಚೌಕುಳಿ ಅಂಗಿ' ಎಂದ. ಬೈಯುತ್ತಾನೆಂದು, ಹೊಡೆಯುತ್ತಾನೆಂದು, ಕೊನೆಗೆ ಅಳುತ್ತಾನೆಂದಾದರೂ ಅವನು ಕಾದ. ಅಣ್ಣನ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಬಸ್ಸಿನಲ್ಲಿ ಯಾರದೋ ಚೀಲವನ್ನು ಕೈಗೆ ಕೊಟ್ಟು ಅವರು ಇಳಿದುಹೋದರೆ ಹೇಗೆ ನೋಡುತ್ತೇವೋ ಹಾಗೆ ನೋಡುತ್ತಿದ್ದ. 'ಈಗ ಇದನ್ನ ನಾನು ಎಲ್ಲಿಡ್ಲೋ?' ಎಂದು ಕೇಳಿದ. ನಿಜವಾಗಿಯೂ ಕೇಳಿದ, ಅತ್ತಿತ್ತ ನೋಡಿ, ಶೆಡ್ಡಿನಲ್ಲಿ ಜಾಗ ಹುಡುಕುವವನ ಹಾಗೆ.

ಮಂಚ ಕಿರುಗುಟ್ಟಿತು. ಗೋಡೆ ಹಿಡಿದು ಬರುವ ಅಂಗಾಲಿನ ಸದ್ದು ನಡುಮನೆ ದಾಟಿತು. ಹೆಂಡತಿ ಹಿಡಿಯಲು ಹೋದದ್ದನ್ನು ಕೈಯಲ್ಲೇ ತಡೆದು ಅಮ್ಮ ಹೊಸಿಲ ಮೇಲೆ ನಿಂತಳು. ಅವಳು ಯಾರ ಕಡೆಗೂ ತಿರುಗಲಿಲ್ಲ, ಯಾರಿಗೂ ಹೇಳು ಅನ್ನಲಿಲ್ಲ. ಗಾಡಿಯ ಮೇಲೆ ಕೂತಿದ್ದ ಹಿರಿಯ ಮಗನನ್ನೇ ನೋಡಿದಳು.

'ನೀನು ಯಾಕೋ ಒಪ್ಕೊಂಡೆ?'

ಬೈಗುಳದಂತೆಯೇ ಇತ್ತು ಅದು. ಅಭ್ಯಾಸದಿಂದ ಅಣ್ಣನ ಕಣ್ಣು ಅತ್ತಿಗೆಯ ಕಡೆ ಹೋಯಿತು, ಅಮ್ಮನಿಗೆ ಹೇಳು ಎನ್ನಲು. ಅತ್ತಿಗೆ ತಲೆಯಾಡಿಸಿ ನೆಲ ನೋಡಿದಳು.

'ಯಾರಾದ್ರೂ ಒಪ್ಕೋಬೇಕಿತ್ತಲ್ಲಮ್ಮ' ಎಂದ.

ಅಮ್ಮ ಮೂಗಿನಲ್ಲಿ ಒಂದು ಸದ್ದು ಮಾಡಿದಳು, ನಗೆಯೂ ಅಲ್ಲ ಅಳುವೂ ಅಲ್ಲ. ಕೈ ಚಾಚಿದಳು. ಅಣ್ಣ ಇಳಿದು ಹೋಗಿ ಆ ಕೈ ಹಿಡಿದ. ಇನ್ನೊಂದು ಕೈಯಲ್ಲಿ ಬಟ್ಟೆ ಹಾಗೇ ಇತ್ತು. ಇಬ್ಬರೂ ಹೊಸಿಲು ದಾಟಿ ನಿಧಾನ ಒಳಗೆ ಹೋದರು, ಅತ್ತಿಗೆ ಹಿಂದೆ. ಹೆಂಡತಿ ಅವನನ್ನು ಒಮ್ಮೆ ನೋಡಿದಳು, ಬೆಳಿಗ್ಗೆ ಕೂಗಿದ್ದರ ಅರ್ಥ ಈಗ ಆದವಳ ಹಾಗೆ, ಆಮೇಲೆ ಅವರ ಹಿಂದೆ ತಾನೂ ಹೋದಳು. ಅವನು ಗಾಡಿಯ ಪಕ್ಕ ನಿಂತ. ಬಿಸಿಯಾದ ಲೋಹ ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಕಿಟಕಿಯೊಳಗಿನಿಂದ ದನಿಗಳು ಬಂದವು. ಎಲ್ಲಿ ಮಲಗ್ತೀಯಾ ಈಗ, ಬೆನ್ನು ನೋವು ಹೇಗಿದೆ, ಎಂಥ ಬೆನ್ನು ನೋವಮ್ಮ, ಶಾಲು ಕಟ್ಟಿದ್ರಲ್ಲ ಆವತ್ತು, ಅದು ಹೋಯ್ತಾ. ಇಪ್ಪತ್ತಮೂರು ವರ್ಷದ ಹಿಂದಿನ ಬೆಳಗನ್ನೂ ಇವತ್ತಿನ ಸಂಜೆಯನ್ನೂ ಒಂದೇ ಉಸಿರಿನಲ್ಲಿ ಸೇರಿಸಿ ಅಮ್ಮ ಕೇಳುತ್ತಿದ್ದಳು, ಅಣ್ಣ ಹೂಂ ಅಮ್ಮ, ಹೂಂ ಅಮ್ಮ ಅನ್ನುತ್ತಿದ್ದ. ಅವನು ಚಿಕ್ಕಂದಿನಲ್ಲಿ ಹಾಸಿಗೆಯಲ್ಲಿ ಕೇಳುತ್ತಿದ್ದಂತೆ ಕಣ್ಣು ಮುಚ್ಚಿ ಕೇಳಿದ. ನಡುವೆ ಯಾರೂ ಇರಲಿಲ್ಲ. ಒಂದು ಮಾತ್ರೆಯೂ ತಪ್ಪುತ್ತಿರಲಿಲ್ಲ.

ಕತ್ತಲಾಗುವ ಮುಂಚೆ ಒಳಗೆ ಹೋಗಲೇಬೇಕಾಗಿ ಬಂತು. ಕೋಣೆಯ ಬಾಗಿಲಲ್ಲಿ ನಿಂತ. ಅಮ್ಮ ಮಂಚದ ಮೇಲೆ, ಅಣ್ಣ ಅವಳ ಕಾಲ ಬಳಿ. ಚೌಕುಳಿ ತುಂಡು ಅಮ್ಮನ ಮಡಿಲಲ್ಲಿತ್ತು, ಒಣಗಿದ ಬಟ್ಟೆಯನ್ನು ಮಡಿಸುವ ಹಾಗೆ ಅವಳು ಅದರ ಅಂಚುಗಳನ್ನು ಎಳೆದು ಸರಿಮಾಡುತ್ತಿದ್ದಳು.

'ಅಮ್ಮ' ಎಂದ ಅವನು.

ಅಮ್ಮ ತಲೆಯೆತ್ತಲಿಲ್ಲ. ಅವನಿಗೂ ಅವಳಿಗೂ ನಡುವೆ ಮೂರು ಮೊಳ ಜಾಗವೂ ಇರಲಿಲ್ಲ. ಕೆಂಪು ದಾರದ ಹೊಲಿಗೆಯ ಮೇಲೆ ಬೆರಳಿಟ್ಟುಕೊಂಡೇ ಅವಳು ಅಣ್ಣನ ಕಡೆ ತಿರುಗಿದಳು.

'ಅವನಿಗೆ ಹೇಳು' ಎಂದಳು, 'ಕೈ ತೊಳ್ಕೊಂಡು ಬರ್ಲಿ ಅಂತ.'